ಹೆಸರು ನಿಮ್ಮದು, ವ್ಯಾಜ್ಯ ಬೇರೆಯವರದು: ತಪ್ಪಾಗಿ ಪ್ರತಿವಾದಿಯಾದವರು ಮಾಡಬೇಕಾದ ಕೆಲಸ

ಬೇರೆಯವರ ವ್ಯಾಜ್ಯದಲ್ಲಿ ಪ್ರತಿವಾದಿಯಾಗುವ ತೊಂದರೆಯ ಮೂಲ ಕೊಡಗಿನ ಮಟ್ಟಿಗೆ ಬಹುಪಾಲು ಹೆಸರಿನಲ್ಲೇ ಇದೆ. ಪೂವಯ್ಯ, ಬೋಪಣ್ಣ, ತಿಮ್ಮಯ್ಯ, ಮಾದಪ್ಪ, ಮುತ್ತಮ್ಮ ಎಂಬ ಹೆಸರಿನವರು ಒಂದೊಂದು ನಾಡಿನಲ್ಲೂ ಹಲವರಿದ್ದಾರೆ. ಅವರನ್ನು ಒಬ್ಬರಿಂದೊಬ್ಬರನ್ನು ಬೇರೆಯಾಗಿ ಗುರುತಿಸುವುದು ಒಕ್ಕದ (ಕೊಡವ ಮನೆತನದ) ಹೆಸರು ಮತ್ತು ತಂದೆಯ ಹೆಸರು. ಆದರೆ ಬಿಲ್ಲು, ಚೆಕ್ಕು, ಸಾಲದ ಅರ್ಜಿಗಳ ಮೇಲೆ ಬರುವಾಗ ಅವೆರಡೂ ‘ಕೆ. ಎಂ.’ ಎಂಬಂಥ ಎರಡು ಇನಿಷಿಯಲ್ಲುಗಳಾಗಿ ಕುಗ್ಗಿಬಿಡುತ್ತವೆ, ಮತ್ತು ‘ಕೆ’ ಎಂಬ ಒಂದಕ್ಷರದ ಹಿಂದೆ ಎಷ್ಟು ಒಕ್ಕಗಳಿವೆಯೆಂದು ಜಿಲ್ಲೆಯ ಹೊರಗಿನವರಿಗೆ ತಿಳಿಯುವುದಿಲ್ಲ. ಮೈಸೂರಿನ ಗೊಬ್ಬರದ ವ್ಯಾಪಾರಿಯೊಬ್ಬರು ಬಾಕಿ ವಸೂಲಿಗೆ ವಕೀಲರ ಬಳಿ ಹೋದಾಗ ಅವರ ಕೈಯಲ್ಲಿರುವುದು ಒಂದು ಹಳೆಯ ಬಿಲ್ಲು, ಅದರ ಮೇಲೊಂದು ಹೆಸರು, ಒಂದು ಊರು. ಆ ಊರಿನಲ್ಲಿ ಆ ಹೆಸರಿನವರು ಯಾರೆಂದು ವಿಚಾರಿಸಿ, ಮೊದಲು ಸಿಕ್ಕಿದವರ ವಿಳಾಸಕ್ಕೆ ದಾವೆ ಹೂಡುತ್ತಾರೆ. ಹೀಗೆ ನೀವು ಒಂದು ಚೀಲ ಗೊಬ್ಬರವನ್ನೂ ಕೊಳ್ಳದೆ ಪ್ರತಿವಾದಿಯಾಗುತ್ತೀರಿ.

ಇಂಥ ಸಂದರ್ಭದಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ ಸುಮ್ಮನಿರುವುದು. ‘ಸಾಲ ಮಾಡಿದವನು ನಾನಲ್ಲ, ನಾನೇಕೆ ಕೋರ್ಟಿನ ಮೆಟ್ಟಿಲು ಹತ್ತಬೇಕು’ ಎಂಬ ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ನ್ಯಾಯಾಲಯದ ಮುಂದಿರುವುದು ಕಡತ ಮಾತ್ರ. ಆ ಕಡತದಲ್ಲಿ ನಿಮ್ಮ ಹೆಸರು, ನಿಮ್ಮ ವಿಳಾಸ ಮತ್ತು ಸಮನ್ಸ್ ಜಾರಿಯಾಗಿದೆಯೆಂಬ ವರದಿ ಇದ್ದು, ನಿಮ್ಮ ಕಡೆಯಿಂದ ಒಂದು ಸಾಲೂ ಇಲ್ಲದಿದ್ದರೆ, ದಾವೆ ಏಕಪಕ್ಷೀಯವಾಗಿ, ಅಂದರೆ ನಿಮ್ಮ ಮಾತು ಕೇಳದೆಯೇ, ನಡೆದು ಡಿಕ್ರಿಯಾಗುವುದನ್ನು (ವಾದಿಯ ಪರ ತೀರ್ಪಾಗುವುದನ್ನು) ತಡೆಯಲು ಅಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ‘ನಾನವನಲ್ಲ’ ಎಂಬುದನ್ನು ನ್ಯಾಯಾಲಯಕ್ಕೇ ಹೋಗಿ, ಬರವಣಿಗೆಯಲ್ಲಿ, ದಾಖಲೆಗಳೊಂದಿಗೆ, ಸಾಧ್ಯವಾದಷ್ಟು ಬೇಗ ಹೇಳಬೇಕು. ಅದನ್ನು ಹೇಗೆ ಹೇಳಬೇಕು ಎಂಬುದೇ ಈ ಲೇಖನದ ವಿಷಯ.

ಸಮನ್ಸ್ ಕೈಗೆ ಬಂದಾಗ

ಕೋರ್ಟಿನ ಅಮೀನರು ಸಮನ್ಸ್ ಹಿಡಿದು ಬಂದಾಗ ಗೇಟಿನಲ್ಲೇ ವಾದಕ್ಕಿಳಿದು, ತೆಗೆದುಕೊಳ್ಳುವುದಿಲ್ಲವೆಂದು ಹಿಂದಕ್ಕೆ ಕಳಿಸುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಪ್ರತಿವಾದಿ ಸ್ವೀಕರಿಸಲು ನಿರಾಕರಿಸಿದರೆ ಪ್ರತಿಯೊಂದನ್ನು ಮನೆಯ ಹೊರಬಾಗಿಲಿಗೆ ಅಂಟಿಸಿ ವರದಿ ಸಲ್ಲಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 17ನೇ ನಿಯಮ ಅವಕಾಶ ಕೊಡುತ್ತದೆ (ಮುಂದೆಯೂ ‘ಇಷ್ಟನೇ ಆದೇಶ’ ಎಂದರೆ ಈ ಸಂಹಿತೆಯ ಅಧ್ಯಾಯ). ರಿಜಿಸ್ಟರ್ಡ್ ಅಂಚೆಯಲ್ಲಿ ಬಂದದ್ದು ‘ನಿರಾಕರಿಸಿದರು’ ಎಂಬ ಷರಾದೊಂದಿಗೆ ಮರಳಿದರೂ ಸಮನ್ಸ್ ತಲುಪಿದೆಯೆಂದೇ ನ್ಯಾಯಾಲಯ ಘೋಷಿಸಬಹುದು. ಅಂದರೆ ನಿರಾಕರಿಸಿದವರಿಗೆ ಕಾಲದ ಗಡುವು ಓಡತೊಡಗುತ್ತದೆ, ಕೈಯಲ್ಲಿ ಮಾತ್ರ ಕಾಗದವಿರುವುದಿಲ್ಲ.

ಬದಲಿಗೆ ಮೊದಲು ಸಮನ್ಸಿನಲ್ಲಿರುವ ವಿವರವನ್ನು ಓದಿ. ನಮ್ಮ ಕಡೆಯ ಕಾಗದಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಹೆಸರು ನಿಮ್ಮದೇ ಆಗಿದ್ದು, ಬಿನ್ ಎಂಬುದರ ಮುಂದೆ ನಿಮ್ಮ ತಂದೆಯ ಹೆಸರಿಲ್ಲದಿದ್ದರೆ, ಅಥವಾ ನಿಮಗೆ ಎಪ್ಪತ್ತು ವರ್ಷವಾಗಿದ್ದು ಅಲ್ಲಿ ನಲವತ್ತೆಂದು ಬರೆದಿದ್ದರೆ, ಆ ವ್ಯತ್ಯಾಸವೇ ನಿಮ್ಮ ಮೊದಲ ಸಾಕ್ಷ್ಯ. ಅದನ್ನು ಅಮೀನರಿಗೆ ತೋರಿಸಿ, ಅವರ ವರದಿಯಲ್ಲಿ ಸೇರಿಸುವಂತೆ ಕೇಳಿಕೊಳ್ಳಿ. ಅವರು ಒಪ್ಪದೆ ಸಹಿ ಹಾಕಲು ಹೇಳಿದರೆ ಸಹಿಯ ಮೇಲ್ಗಡೆ ನಿಮ್ಮ ಕೈಯಿಂದಲೇ ಹೀಗೆ ಬರೆಯಿರಿ: ‘ಈ ಸಮನ್ಸಿನಲ್ಲಿ ವಿವರಿಸಿರುವ ವ್ಯಕ್ತಿ ನಾನಲ್ಲ. ನನ್ನ ತಂದೆಯ ಹೆಸರು ಬೇರೆ. ನನ್ನ ಹಕ್ಕುಗಳಿಗೆ ಬಾಧೆಯಿಲ್ಲದಂತೆ, ಆಕ್ಷೇಪಣೆಯೊಂದಿಗೆ ಪ್ರತಿಯನ್ನು ಪಡೆದಿದ್ದೇನೆ.’ ಕೆಳಗೆ ದಿನಾಂಕ ಮತ್ತು ಸಮಯ. ಆ ಹಾಳೆ ಮರಳಿ ಹೋಗಿ ಕಡತದಲ್ಲೇ ಸೇರುತ್ತದೆ. ಆರು ತಿಂಗಳ ನಂತರ ‘ಈ ತಕರಾರನ್ನು ಈಗ ಹುಟ್ಟುಹಾಕಿದ್ದಾರೆ’ ಎಂದು ಎದುರು ಪಕ್ಷದ ವಕೀಲರು ಹೇಳಿದಾಗ ಅದಕ್ಕಿಂತ ಒಳ್ಳೆಯ ಉತ್ತರ ಇನ್ನೊಂದಿಲ್ಲ. ಹಿಂದಿರುಗಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು.

ತೋಟದವರಿಗೆ ಒಂದು ಮಾತು. ಮಾಲೀಕರು ಬೆಂಗಳೂರಿನಲ್ಲಿದ್ದು ತೋಟದಲ್ಲಿ ರೈಟರು (ಕೆಲಸದ ಮೇಲ್ವಿಚಾರಕರು) ಮಾತ್ರ ಇರುವ ಕಡೆ ಸಮನ್ಸು ಅವರ ಕೈಗೆ ಬಂದು, ಪಲ್ಪರ್ ಮನೆಯ ಗೂಡಿನಲ್ಲಿ ಗೊಬ್ಬರದ ಚೀಟಿಗಳ ಜೊತೆ ಸೇರಿಹೋಗುವುದುಂಟು. 5ನೇ ಆದೇಶದ 15ನೇ ನಿಯಮದ ಪ್ರಕಾರ ಪ್ರತಿವಾದಿ ಮನೆಯಲ್ಲಿ ಇಲ್ಲದಿದ್ದು, ಸಕಾಲದಲ್ಲಿ ಸಿಗುವ ಸಂಭವವೂ ಇಲ್ಲದಿದ್ದಾಗ ಅವರೊಂದಿಗೆ ವಾಸಿಸುವ ಕುಟುಂಬದ ವಯಸ್ಕರಿಗೆ, ಗಂಡಸಾಗಲಿ ಹೆಂಗಸಾಗಲಿ, ಸಮನ್ಸ್ ಕೊಡಬಹುದು. ಆದರೆ ಮನೆಯ ಆಳು ಕುಟುಂಬದ ಸದಸ್ಯರಲ್ಲವೆಂದು ಆ ನಿಯಮದ ವಿವರಣೆಯೇ ಹೇಳುತ್ತದೆ. ಸಮನ್ಸ್ ಸ್ವೀಕರಿಸಲು ಅಧಿಕಾರ ಪಡೆದ ಏಜೆಂಟರ ಮಾತು ಬೇರೆ, ಮತ್ತು ತೋಟದ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಮ್ಯಾನೇಜರನ್ನು ಅಂಥ ಏಜೆಂಟರೆಂದು ವಾದಿಸಲು ಅವಕಾಶವಿರುತ್ತದೆ. ಈ ತಾಂತ್ರಿಕ ಅಂಶವನ್ನು ನೆಚ್ಚಿ ಕೂರುವುದಕ್ಕಿಂತ, ಕೋರ್ಟಿನ ಯಾವ ಕಾಗದ ಬಂದರೂ ಅದೇ ದಿನ ಫೋನ್ ಮಾಡಬೇಕೆಂದು ರೈಟರಿಗೆ ಹೇಳಿಟ್ಟಿರುವುದು ಲೇಸು.

ತಪ್ಪು ಯಾವ ಬಗೆಯದು

ವಕೀಲರನ್ನು ಕಾಣುವ ಮೊದಲೇ ಒಂದು ಪ್ರಶ್ನೆಯನ್ನು ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ವಾದಿಯ ಮನಸ್ಸಿನಲ್ಲಿರುವುದು ಬೇರೆಯವರೋ, ಅಥವಾ ನೀವೇ ಆಗಿದ್ದು ನೀವು ಹೊಣೆಗಾರರಲ್ಲವೋ? ಇವೆರಡನ್ನೂ ‘ತಪ್ಪು ವ್ಯಕ್ತಿಯ ಮೇಲೆ ಕೇಸು’ ಎಂದೇ ಜನ ಕರೆಯುತ್ತಾರೆ. ಆದರೆ ಇವುಗಳ ದಾರಿ ಬೇರೆ ಬೇರೆ.

ಮೊದಲನೆಯದು ಗುರುತಿನ ತಪ್ಪು. ಸಾಲ ಪಡೆದವರು, ಕರಾರಿಗೆ ಸಹಿ ಹಾಕಿದವರು ಅದೇ ಹೆಸರಿನ ಇನ್ನೊಬ್ಬರು. ಇದು ದಾಖಲೆಗಳಿಂದ ಬಗೆಹರಿಯುವಂಥದ್ದು, ಸಾಮಾನ್ಯವಾಗಿ ಬೇಗ ಬಗೆಹರಿಯುತ್ತದೆ.

ಎರಡನೆಯದು ಹೊಣೆಗಾರಿಕೆಯ ತಪ್ಪು. ಮಾಲೀಕರ ಪರವಾಗಿ ಕಾಫಿ ಮಾರಾಟದ ಚೀಟಿಗೆ ಸಹಿ ಹಾಕಿದ ರೈಟರನ್ನು, ಅಪ್ಪನ ಸಾಲಕ್ಕೆ ಮಗನನ್ನು, ಪಾಲುದಾರಿಕೆಯಿಂದ ಹಿಂದೆ ಸರಿದವರನ್ನು ಪ್ರತಿವಾದಿ ಮಾಡಿರುವ ಪ್ರಕರಣಗಳು ಇಲ್ಲಿಗೆ ಸೇರುತ್ತವೆ. ಕರಾರು ಕಾಯಿದೆಯ 230ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರ ಪರವಾಗಿ ಮಾಡಿದ ಕರಾರಿಗೆ ಏಜೆಂಟರು ಸ್ವಂತವಾಗಿ ಬದ್ಧರಲ್ಲ. ಆದರೆ ಮಾಲೀಕರು ಯಾರೆಂದು ತಿಳಿಸದೆಯೇ ವ್ಯವಹಾರ ಮಾಡಿದ್ದರೆ ಈ ರಕ್ಷಣೆ ಸಿಗಲಾರದು. ತಂದೆ ತೀರಿಕೊಂಡ ಮೇಲೆ ವಾರಸುದಾರರಾಗಿ ಮಕ್ಕಳನ್ನು ಪ್ರತಿವಾದಿ ಮಾಡಿದ್ದರೆ ಅದು ತಪ್ಪೇ ಅಲ್ಲ. ಅವರ ಹೊಣೆ ತಂದೆಯಿಂದ ಬಂದ ಆಸ್ತಿಯ ಮಟ್ಟಿಗಷ್ಟೇ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಅಷ್ಟೆ. ಜಾಮೀನು ಹಾಕಿದವರು ‘ಸಾಲ ನನ್ನದಲ್ಲ’ ಎನ್ನುವಂತಿಲ್ಲ. ಕಾನೂನಿನ ದೃಷ್ಟಿಯಲ್ಲಿ ಜಾಮೀನುದಾರರ ಹೊಣೆ ಸಾಲಗಾರರಷ್ಟೇ ಇರುತ್ತದೆ. ಹಾಗೆಯೇ ಜೀಪನ್ನೋ ಪಿಕಪ್ಪನ್ನೋ ಮಾರಿ, ಆರ್‌ಸಿಯಲ್ಲಿ ಹೆಸರು ಬದಲಾಯಿಸದೆ ಬಿಟ್ಟವರು ಅಪಘಾತದ ಪರಿಹಾರದ ಅರ್ಜಿಯಲ್ಲಿ ಪ್ರತಿವಾದಿಯಾದರೆ ‘ಗಾಡಿ ಮಾರಿಯಾಗಿತ್ತು’ ಎಂಬ ಉತ್ತರ ನಿಲ್ಲುವುದಿಲ್ಲ. ನೋಂದಾಯಿತ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಮೂರನೆಯದು ಬರೀ ಅಕ್ಷರದ ತಪ್ಪು. ನೀವೇ ಸಾಲ ಮಾಡಿದ್ದು, ದಾವಾಪತ್ರದಲ್ಲಿ ಬೋಪಯ್ಯ ಎಂಬುದು ಬೋಪಣ್ಣ ಎಂದಾಗಿದ್ದರೆ, ಅದನ್ನು ಹಿಡಿದು ತಪ್ಪಿಸಿಕೊಳ್ಳಬಹುದೆಂಬ ಆಸೆಯನ್ನು ಬಿಡುವುದೇ ಮೇಲು. ಅದನ್ನು ತಿದ್ದುಪಡಿ ಅರ್ಜಿಯೊಂದರಿಂದ ವಾದಿ ಸರಿಪಡಿಸುತ್ತಾರೆ, ನ್ಯಾಯಾಲಯವೂ ಒಪ್ಪುತ್ತದೆ, ನಿಮ್ಮ ಉಳಿದ ಮಾತಿನ ತೂಕ ಮಾತ್ರ ಕಡಿಮೆಯಾಗುತ್ತದೆ.

ಜಮೀನಿನ ದಾವೆಗಳಲ್ಲಿ ಅವಸರ ಬೇಡ

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ಸಂಗತಿಯೊಂದಿದೆ, ಏಕೆಂದರೆ ಕೊಡಗಿನಲ್ಲಿ ಕೈಯಾರೆ ಕಳೆದುಕೊಳ್ಳುವ ಸಂಭವವಿರುವುದು ಇಲ್ಲೇ. ಒಕ್ಕದ ಆಸ್ತಿಯ ವಿಭಾಗಕ್ಕೆ ಯಾರಾದರೂ ದಾವೆ ಹೂಡಿದಾಗ ಆಸ್ತಿಯಲ್ಲಿ ಹಕ್ಕಿರುವ ಎಲ್ಲರನ್ನೂ ಪಕ್ಷಗಾರರನ್ನಾಗಿ ಮಾಡಲೇಬೇಕು. ಹಾಗಾಗಿ ದೂರದಲ್ಲಿ ನೌಕರಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ‘19ನೇ ಪ್ರತಿವಾದಿ’ ಎಂದು ಸಮನ್ಸ್ ಬರುತ್ತದೆ. ಅವರು ಗಾಬರಿಯಾಗಿ, ‘ನಾನು ಯಾರಿಗೂ ಏನೂ ಮಾಡಿಲ್ಲ, ನನ್ನ ಹೆಸರು ತೆಗೆಸಿ’ ಎನ್ನುತ್ತಾರೆ. ವಿಭಾಗದ ದಾವೆಯಲ್ಲಿ ಪ್ರತಿವಾದಿಯಾಗುವುದೆಂದರೆ ಆರೋಪಿಯಾಗುವುದಲ್ಲ. ಅಲ್ಲಿ ಪ್ರತಿವಾದಿಗೂ ಪಾಲು ಕೇಳುವ ಹಕ್ಕಿರುತ್ತದೆ. ನಿಮ್ಮ ಹೆಸರನ್ನು ತೆಗೆಸಿಕೊಂಡರೆ, ನಿಮ್ಮ ಮಾತೇ ಇಲ್ಲದೆ ಜಮೀನು ಹಂಚಿಹೋಗುವುದಕ್ಕೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಹಕ್ಕು ನಿಜವಾಗಿಯೂ ಇಲ್ಲವೆಂದು ಖಚಿತವಾಗುವವರೆಗೆ ಹೆಸರು ತೆಗೆಸುವ ಅರ್ಜಿಗೆ ಸಹಿ ಹಾಕಬಾರದು.

ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಭೂಮಿಯ ಪಹಣಿಗಳಲ್ಲಿ ಪಟ್ಟೆದಾರರ (ಒಕ್ಕದ ಪರವಾಗಿ ದಾಖಲಾದವರ) ಹೆಸರು ಹಲವು ಕಡೆ ಅಜ್ಜನ ಕಾಲದಿಂದ ಬದಲಾಗದೆ ಉಳಿದಿದೆ. ಅದನ್ನೇ ನಂಬಿ ದಾವೆ ಹೂಡಿದವರು ಎಂದೋ ತೀರಿಕೊಂಡವರನ್ನು ಪ್ರತಿವಾದಿ ಮಾಡಿಬಿಡುತ್ತಾರೆ. ದಾವೆ ಹೂಡುವ ದಿನಕ್ಕೇ ತೀರಿಕೊಂಡಿದ್ದವರ ಮೇಲಿನ ದಾವೆ ಅವರ ಮಟ್ಟಿಗೆ ಊರ್ಜಿತವಲ್ಲ, ಮತ್ತು ದಾವೆ ನಡೆಯುತ್ತಿರುವಾಗ ತೀರಿಕೊಂಡವರ ವಿಷಯದಲ್ಲಿ ವಾರಸುದಾರರನ್ನು ಸೇರಿಸುವ 22ನೇ ಆದೇಶದ ಕ್ರಮ ಇದಕ್ಕೆ ಅನ್ವಯಿಸುವುದಿಲ್ಲ. ಅಂಥ ಸಮನ್ಸ್ ಮನೆಗೆ ಬಂದರೆ ‘ಅವರೇ ನಾನು’ ಎಂಬಂತೆ ಮೊಮ್ಮಗ ಸಹಿ ಹಾಕಿ ತೆಗೆದುಕೊಳ್ಳಬಾರದು. ಮರಣ ಪ್ರಮಾಣಪತ್ರದ ಪ್ರತಿಯನ್ನು ಅಮೀನರಿಗೆ ಕೊಟ್ಟು, ಮರಣದ ದಿನಾಂಕವನ್ನು ವರದಿಯಲ್ಲಿ ಬರೆಸಬೇಕು.

ಇನ್ನೊಂದು ಸಾಧ್ಯತೆಯೂ ಇದೆ. ನಿಮ್ಮ ಹೆಸರು ಸರಿಯಿದ್ದು ಸರ್ವೆ ನಂಬರ್ ತಪ್ಪಾಗಿರಬಹುದು. ಆಗ ನಿಮ್ಮ ಬಾಣೆಯ (ಗದ್ದೆಗೆ ಸೇರಿದ ಎತ್ತರದ ಜಮೀನಿನ) ಮೇಲೆ ತಾತ್ಕಾಲಿಕ ತಡೆಯಾಜ್ಞೆ ಬಂದಿದ್ದರೆ ಹೆಸರು ತೆಗೆಸುವ ಅರ್ಜಿಯ ಫಲಕ್ಕಾಗಿ ಕಾಯುತ್ತಾ ಕೂರದೆ, 39ನೇ ಆದೇಶದ 4ನೇ ನಿಯಮದಡಿ ಆಜ್ಞೆಯನ್ನು ತೆರವುಗೊಳಿಸಲು ಬೇರೆಯಾಗಿಯೇ ಅರ್ಜಿ ಹಾಕಬೇಕು. ಕಾಫಿ ಕೊಯ್ಲಿನ ಹೊತ್ತಿಗೆ ಬಂದ ತಡೆಯಾಜ್ಞೆ ಒಂದು ತಿಂಗಳು ನಿಂತರೂ ಹಣ್ಣು ನೆಲಕ್ಕುದುರುತ್ತದೆ.

ದಿನಗಳ ಲೆಕ್ಕ

ಸಮನ್ಸಿನ ಮೇಲಿರುವುದು ಹಾಜರಾಗಬೇಕಾದ ವಾಯಿದೆ, ಅಂದರೆ ವಿಚಾರಣೆಯ ದಿನ. ಲಿಖಿತ ಉತ್ತರ ಸಲ್ಲಿಸುವ ಗಡುವು ಬೇರೆಯದೇ. ಸಮನ್ಸ್ ತಲುಪಿದ ದಿನದಿಂದ 30 ದಿನಗಳೊಳಗೆ ಉತ್ತರ ಕೊಡಬೇಕು, ನ್ಯಾಯಾಲಯವು ಕಾರಣ ದಾಖಲಿಸಿ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಜೂನ್ 10ರಂದು ಸಮನ್ಸ್ ತಲುಪಿದರೆ ಮೊದಲ ಗಡುವು ಜುಲೈ 10, ಕೊನೆಯದು ಸೆಪ್ಟೆಂಬರ್ 8. ಅಂದರೆ ನಮ್ಮ ಮಳೆಗಾಲ ಪೂರ್ತಿ ಅದರಲ್ಲೇ ಕಳೆಯುತ್ತದೆ. ಮರ ಬಿದ್ದು ರಸ್ತೆ ಮುಚ್ಚಿತ್ತು, ವಾರಗಟ್ಟಲೆ ಕರೆಂಟಿರಲಿಲ್ಲ ಎಂಬುದು ವಿಸ್ತರಣೆ ಕೇಳಲು ಕಾರಣವಾದೀತೇ ಹೊರತು ಗಡುವನ್ನು ತಾನಾಗಿ ಮುಂದೂಡುವುದಿಲ್ಲ. ಸಾಮಾನ್ಯ ದಾವೆಗಳಲ್ಲಿ 90 ದಿನಗಳ ಮಿತಿ ಮೀರಿದರೂ ಅಸಾಧಾರಣ ಕಾರಣವಿದ್ದರೆ ನ್ಯಾಯಾಲಯ ಉತ್ತರವನ್ನು ಸ್ವೀಕರಿಸಬಹುದೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದೆ. ವಾಣಿಜ್ಯ ದಾವೆಗಳಲ್ಲಿ 120 ದಿನಗಳ ನಂತರ ಆ ಬಾಗಿಲು ಮುಚ್ಚುತ್ತದೆ. ಗ್ರಾಹಕರ ಆಯೋಗದ ನೋಟಿಸಾದರೆ ಗಡುವು 30 ದಿನ, ಅದರ ಮೇಲೆ ಹೆಚ್ಚೆಂದರೆ 15 ದಿನ. 2020ರ ಸಂವಿಧಾನ ಪೀಠದ ತೀರ್ಪಿನ ಪ್ರಕಾರ ಅದರಾಚೆಗೆ ಒಂದು ದಿನವೂ ಸಿಗುವುದಿಲ್ಲ.

ಮೊದಲ ವಾಯಿದೆಗೆ ವಕೀಲರ ಮೂಲಕ ವಕಾಲತ್ತು ಹಾಕಿಸಿ ಹಾಜರಾಗಿ, ದಾವಾಪತ್ರ ಮತ್ತು ಅದರೊಂದಿಗಿನ ದಾಖಲೆಗಳ ಪ್ರತಿ ಕೇಳಿ ಪಡೆಯಿರಿ. ಎಷ್ಟೋ ಸಲ ಸಮನ್ಸಿನ ಜೊತೆ ಬಂದಿರುವ ಕಟ್ಟಿನಲ್ಲಿ ಮುಖ್ಯವಾದ ಹಾಳೆಯೇ ಇರುವುದಿಲ್ಲ, ಮತ್ತು ಸಹಿ ಯಾರದೆಂದು ತಿಳಿಯುವುದು ಆ ಹಾಳೆಯಿಂದಲೇ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕನ್ನು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ, 1987 ಕೊಟ್ಟಿದೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವ ಯರವ, ಜೇನುಕುರುಬ ಬುಡಕಟ್ಟಿನ ಕುಟುಂಬಗಳಿಗೆ ಇಂಥ ಕಾಗದ ಬಂದಾಗ ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕರೆದೊಯ್ಯುವುದು, ಅಥವಾ 15100 ಸಂಖ್ಯೆಗೆ ಕರೆ ಮಾಡಿಸುವುದು ಪಕ್ಕದವರು ಮಾಡಬಹುದಾದ ಕೆಲಸ.

ಹೆಸರು ತೆಗೆಸುವ ಅರ್ಜಿ

ಗುರುತಿನ ತಪ್ಪಿಗೆ ನೇರವಾದ ಮದ್ದು 1ನೇ ಆದೇಶದ 10ನೇ ನಿಯಮದ 2ನೇ ಉಪನಿಯಮದಲ್ಲಿದೆ. ವಕೀಲರ ಬಾಯಲ್ಲಿ ಅದು ‘ಆರ್ಡರ್ ಒನ್ ರೂಲ್ ಟೆನ್’. ಅನುಚಿತವಾಗಿ ಸೇರಿಸಿದ ಪಕ್ಷಗಾರರ ಹೆಸರನ್ನು ದಾವೆಯ ಯಾವ ಹಂತದಲ್ಲಾದರೂ, ಅರ್ಜಿಯ ಮೇಲಾಗಲಿ ತಾನಾಗಿಯೇ ಆಗಲಿ, ಹೊಡೆದುಹಾಕುವ ಅಧಿಕಾರ ನ್ಯಾಯಾಲಯಕ್ಕಿದೆ. ‘ಯಾವ ಹಂತದಲ್ಲಾದರೂ’ ಎಂಬ ಮಾತನ್ನು ನಂಬಿ ತಡಮಾಡಬಾರದು. ಅದೇ ಆದೇಶದ 13ನೇ ನಿಯಮವು ಇಂಥ ಆಕ್ಷೇಪಣೆಯನ್ನು ಮೊದಲ ಅವಕಾಶದಲ್ಲೇ, ವಿವಾದಾಂಶಗಳನ್ನು (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ರಚಿಸುವ ಮೊದಲೇ ಅಥವಾ ರಚಿಸುವಾಗಲೇ ಎತ್ತಬೇಕೆನ್ನುತ್ತದೆ. ಇಲ್ಲವಾದರೆ ನೀವು ಅದನ್ನು ಬಿಟ್ಟುಕೊಟ್ಟಿದ್ದೀರೆಂದೇ ಭಾವಿಸಲಾಗುತ್ತದೆ.

ಅರ್ಜಿಗೆ ನಿಮ್ಮ ಪ್ರಮಾಣಪತ್ರ (ಅಫಿಡವಿಟ್) ಬೇಕು, ಮತ್ತು ಅದರಲ್ಲಿ ಕೋಪವಿರಬಾರದು. ವಾದಿಯ ದಾಖಲೆಯಲ್ಲಿರುವ ವ್ಯಕ್ತಿಗೂ ನಿಮಗೂ ಇರುವ ವ್ಯತ್ಯಾಸಗಳನ್ನು ಒಂದೊಂದಾಗಿ, ಒಂದೊಂದಕ್ಕೂ ಒಂದು ಕಾಗದವನ್ನು ಜೋಡಿಸಿ ತೋರಿಸಬೇಕು. ತಂದೆಯ ಹೆಸರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವಿಳಾಸಕ್ಕೆ ಮತದಾರರ ಗುರುತಿನ ಚೀಟಿ, ಸಹಿಗೆ ಪಾನ್ ಕಾರ್ಡು ಅಥವಾ ಬ್ಯಾಂಕಿನಲ್ಲಿರುವ ನಿಮ್ಮ ಮಾದರಿ ಸಹಿ. ಕರಾರಾದ ದಿನ ನೀವು ಸೈನ್ಯದಲ್ಲೋ ಹೊರದೇಶದಲ್ಲೋ ಇದ್ದಿರಾದರೆ ಸೇವಾ ದಾಖಲೆ ಅಥವಾ ಪಾಸ್‌ಪೋರ್ಟಿನ ಮುದ್ರೆ ಇವೆಲ್ಲಕ್ಕಿಂತ ಬಲವಾದದ್ದು. ಒಂದೇ ಒಕ್ಕದಲ್ಲಿ ಒಂದೇ ಹೆಸರಿನ ಇಬ್ಬರಿದ್ದಾಗ ಆಧಾರ್, ಮತದಾರರ ಚೀಟಿಗಳಿಂದ ಮಾತ್ರ ಕೆಲಸವಾಗುವುದಿಲ್ಲ. ಇಬ್ಬರೂ ಬೇರೆ ಬೇರೆ ಕವಲಿನವರೆಂದು ತೋರಿಸುವ ದೃಢೀಕೃತ ವಂಶವೃಕ್ಷವನ್ನು ನಾಡಕಚೇರಿಯಿಂದ ಪಡೆದು ಹಾಜರುಪಡಿಸಿದರೆ ನ್ಯಾಯಾಧೀಶರಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ.

ಅಸಲಿ ವ್ಯಕ್ತಿ ಯಾರೆಂದು ನೀವು ಹೇಳಬೇಕೇ? ಕಾನೂನು ಹಾಗೆಂದು ಒತ್ತಾಯಿಸುವುದಿಲ್ಲ. ಗೊತ್ತಿದ್ದು ದಾಖಲೆಯೂ ಇದ್ದರೆ ಹೇಳುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಬರೀ ಊಹೆಯಾಗಿದ್ದರೆ ಇನ್ನೊಬ್ಬ ಅಮಾಯಕರ ಮನೆಗೆ ಅಮೀನರನ್ನು ಕಳಿಸಿದಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಊಹೆಯನ್ನು ಪ್ರಮಾಣಪತ್ರದಲ್ಲಿ ಬರೆಯದಿರುವುದೇ ಸರಿ.

ಅರ್ಜಿಗೆ ಮೊದಲು ಎದುರು ಪಕ್ಷದ ವಕೀಲರಿಗೆ ನಿಮ್ಮ ವಕೀಲರು ದಾಖಲೆಗಳ ಪ್ರತಿಯೊಂದಿಗೆ ಒಂದು ಪತ್ರ ಬರೆಯಲಿ. ತಪ್ಪು ಸ್ಪಷ್ಟವಾಗಿದ್ದರೆ ತಾವಾಗಿಯೇ ನಿಮ್ಮನ್ನು ಕೈಬಿಡಲು ಅವರಿಗೂ ಕಾರಣವಿದೆ. ಅಸಲಿ ಸಾಲಗಾರರನ್ನು ತಡವಾಗಿ ಸೇರಿಸಿದರೆ ಕಾಲಮಿತಿ ಕಾಯಿದೆಯ 21ನೇ ಕಲಮಿನ ಪ್ರಕಾರ ಅವರ ಮೇಲಿನ ದಾವೆ ಸೇರಿಸಿದ ದಿನವೇ ಹೂಡಿದಂತೆ, ಪ್ರಾಮಾಣಿಕ ತಪ್ಪೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಮಾತ್ರ ವಿನಾಯಿತಿ. ಹಣದ ದಾವೆಗೆ ಸಾಮಾನ್ಯವಾಗಿ ಇರುವುದು ಮೂರು ವರ್ಷ. ಹೀಗಾಗಿ ನಿಮ್ಮನ್ನು ಹಿಡಿದುಕೊಂಡಿರುವ ಒಂದೊಂದು ತಿಂಗಳೂ ವಾದಿಗೇ ನಷ್ಟ. ಪತ್ರದಲ್ಲಿ ಈ ಮಾತನ್ನು ಮೆಲ್ಲನೆ ನೆನಪಿಸಿದರೆ ಸಾಕು.

ದಾವಾಪತ್ರವನ್ನೇ ತಿರಸ್ಕರಿಸಿ ಎಂದು 7ನೇ ಆದೇಶದ 11ನೇ ನಿಯಮದಡಿ ಕೇಳಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ಅರ್ಜಿಯಲ್ಲಿ ನ್ಯಾಯಾಲಯ ಓದುವುದು ದಾವಾಪತ್ರವನ್ನು ಮತ್ತು ವಾದಿ ಅದರೊಂದಿಗಿಟ್ಟ ದಾಖಲೆಗಳನ್ನು ಮಾತ್ರ, ನಿಮ್ಮ ಕಾಗದಗಳನ್ನಲ್ಲ. ಜೊತೆಗೆ ಹಲವು ಪ್ರತಿವಾದಿಗಳಿದ್ದಾಗ ಒಬ್ಬರ ಮಟ್ಟಿಗೆ ಮಾತ್ರ ದಾವಾಪತ್ರವನ್ನು ತಿರಸ್ಕರಿಸಲಾಗದು. ‘ನಾನವನಲ್ಲ’ ಎನ್ನುವವರಿಗೆ ಅದು ಹೊಂದುವ ದಾರಿಯಲ್ಲ.

ಲಿಖಿತ ಉತ್ತರವನ್ನು ಬಿಡಬಾರದು

ಹೆಸರು ತೆಗೆಸುವ ಅರ್ಜಿ ಹಾಕಿಯಾಗಿದೆ, ಅದರ ಆದೇಶ ಬರಲಿ ಎಂದು ಉತ್ತರ ಸಲ್ಲಿಸದೆ ಇರುವುದು ಅಪಾಯಕಾರಿ. ಯಾರ ಮೇಲೆ ದಾವೆ ಹೂಡಬೇಕೆಂದು ತೀರ್ಮಾನಿಸುವವರು ವಾದಿ ಎಂಬ ತತ್ವಕ್ಕೆ ನ್ಯಾಯಾಲಯಗಳು ಬೆಲೆ ಕೊಡುತ್ತವೆ. ವಾದಿಯು ‘ಸಹಿ ಹಾಕಿದ್ದು ಇವರೇ’ ಎಂದು ಹಟ ಹಿಡಿದರೆ, ಅದು ಸಾಕ್ಷ್ಯದಿಂದ ತೀರ್ಮಾನವಾಗಬೇಕಾದ ವಿಷಯವೆಂದು ಅರ್ಜಿ ವಜಾ ಆಗಬಹುದು. ಆ ಹೊತ್ತಿಗೆ 30 ದಿನಗಳು ಕಳೆದಿರುತ್ತವೆ.

ಉತ್ತರದಲ್ಲಿ ಪ್ರತಿಯೊಂದು ಆರೋಪವನ್ನೂ ನಿರ್ದಿಷ್ಟವಾಗಿ ಅಲ್ಲಗಳೆಯಬೇಕು. 8ನೇ ಆದೇಶದಂತೆ ಅಲ್ಲಗಳೆಯದೆ ಬಿಟ್ಟ ಸಂಗತಿಯನ್ನು ಒಪ್ಪಿಕೊಂಡಂತೆ ಪರಿಗಣಿಸಬಹುದು. ‘ದಾವಾಪತ್ರದಲ್ಲಿ ಹೇಳಿರುವುದೆಲ್ಲ ಸುಳ್ಳು’ ಎಂಬ ಒಂದು ಸಾಲಿನ ಉತ್ತರಕ್ಕೆ ಬೆಲೆಯಿಲ್ಲ. ಬರವಣಿಗೆ ಈ ಧಾಟಿಯಲ್ಲಿರಲಿ: ‘ದಾವಾಪತ್ರದ 3ನೇ ಪ್ಯಾರಾದಲ್ಲಿ ಹೇಳಿರುವ ಕರಾರಿಗೆ ಈ ಪ್ರತಿವಾದಿ ಪಕ್ಷಗಾರರಲ್ಲ. ಅದರ ಮೇಲಿರುವ ಸಹಿ ಇವರದಲ್ಲ. ವಾದಿಯಿಂದ ಇವರು ಯಾವ ಸರಕನ್ನೂ ಪಡೆದಿಲ್ಲ, ಯಾವ ಹಣವನ್ನೂ ಪಾವತಿಸಿಲ್ಲ. ಅದೇ ಹೆಸರಿನ ಬೇರೊಬ್ಬರೊಂದಿಗೆ ವಾದಿ ವ್ಯವಹರಿಸಿರುವುದು ವಾದಿಯ ದಾಖಲೆಗಳಿಂದಲೇ ಕಂಡುಬರುತ್ತದೆ.’ ಸರಕಿನ ಗುಣಮಟ್ಟ ಸರಿಯಿರಲಿಲ್ಲ, ಬಡ್ಡಿ ಜಾಸ್ತಿಯಾಯಿತು ಎಂದೆಲ್ಲ ಇದರೊಂದಿಗೆ ಸೇರಿಸಬೇಡಿ. ಕೊಂಡೇ ಇಲ್ಲವೆನ್ನುವವರು ಗೊಬ್ಬರದ ಗುಣದ ಬಗ್ಗೆ ಮಾತಾಡಿದರೆ ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆ ಅದರ ಮೇಲೆಯೇ ಬರುತ್ತದೆ. ಕಾಲಮಿತಿ ಮೀರಿದೆ ಎಂಬಂಥ ಕಾನೂನಿನ ತಕರಾರುಗಳನ್ನು ಮಾತ್ರ, ಗುರುತಿನ ತಕರಾರಿಗೆ ಬಾಧೆಯಿಲ್ಲದಂತೆ ಎಂದು ನಮೂದಿಸಿ, ಕೊನೆಯಲ್ಲಿ ಸೇರಿಸಬಹುದು.

ಅರ್ಜಿ ವಜಾ ಆದರೆ ಈ ಉತ್ತರದ ಆಧಾರದ ಮೇಲೆ ಒಂದು ವಿವಾದಾಂಶವನ್ನು ರಚಿಸುವಂತೆ ಕೇಳಿಕೊಳ್ಳಿ: ದಾವೆಯ ಕರಾರಿಗೆ ಸಹಿ ಹಾಕಿದವರು 1ನೇ ಪ್ರತಿವಾದಿಯೇ ಎಂಬುದನ್ನು ವಾದಿ ರುಜುವಾತುಪಡಿಸುತ್ತಾರೆಯೇ? ಪ್ರಶ್ನೆ ಈ ರೂಪದಲ್ಲಿ ಬಂದರೆ ರುಜುವಾತಿನ ಭಾರ ಎಲ್ಲಿರಬೇಕೋ ಅಲ್ಲೇ, ಅಂದರೆ ವಾದಿಯ ಹೆಗಲ ಮೇಲೇ, ಉಳಿಯುತ್ತದೆ.

ತಿಳಿಯುವ ಹೊತ್ತಿಗೆ ತಡವಾಗಿದ್ದರೆ

ಬಾಗಿಲಿಗೆ ಅಂಟಿಸಿದ ಸಮನ್ಸನ್ನು ನೋಡಲು ಮನೆಯಲ್ಲಿ ಯಾರೂ ಇಲ್ಲದಿರಬಹುದು. 2018ರ ಆಗಸ್ಟಿನ ಭೂಕುಸಿತದ ನಂತರ ಊರು ಬಿಟ್ಟು ಜಂಬೂರು, ಮದೆನಾಡುಗಳ ಪುನರ್ವಸತಿ ಮನೆಗಳಿಗೆ ಹೋದವರ ಹಳೆಯ ವಿಳಾಸಗಳು ಇಂದಿಗೂ ಕೆಲವು ಕಾಗದಗಳಲ್ಲಿ ಉಳಿದಿರುವುದು ಆಶ್ಚರ್ಯವಲ್ಲ. ದಾವೆ ಏಕಪಕ್ಷೀಯವಾಗಿ ನಡೆಯುತ್ತಿದ್ದು ಡಿಕ್ರಿ ಇನ್ನೂ ಆಗಿಲ್ಲದಿದ್ದರೆ, 9ನೇ ಆದೇಶದ 7ನೇ ನಿಯಮದಡಿ ಹಾಜರಾಗದ್ದಕ್ಕೆ ತಕ್ಕ ಕಾರಣ ತೋರಿಸಿ ಒಳಬರಬಹುದು. ಡಿಕ್ರಿಯಾಗಿದ್ದರೆ 13ನೇ ನಿಯಮದಡಿ ಅದನ್ನು ರದ್ದುಪಡಿಸಲು ಅರ್ಜಿ ಹಾಕಬೇಕು. ಗಡುವು ಡಿಕ್ರಿಯ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿಯ ವಿಷಯ ನಿಮಗೆ ತಿಳಿದ ದಿನದಿಂದ 30 ದಿನ. ಆದ್ದರಿಂದ ತಿಳಿದದ್ದು ಯಾವಾಗ, ಯಾರಿಂದ ಎಂಬುದನ್ನು ಆ ದಿನವೇ ಬರೆದಿಟ್ಟುಕೊಳ್ಳಿ. ಏಕಪಕ್ಷೀಯ ಡಿಕ್ರಿಯ ವಿರುದ್ಧ ಮೇಲ್ಮನವಿಯ ದಾರಿಯೂ ಇದೆ.

ಡಿಕ್ರಿಯಾಗಿರುವುದು ನಿಮ್ಮ ಹೆಸರಿನ ಇನ್ನೊಬ್ಬರ ಮೇಲೆ, ಅಮಲ್ಜಾರಿಯಲ್ಲಿ (ಡಿಕ್ರಿಯನ್ನು ಜಾರಿಗೊಳಿಸುವ ಹಂತದಲ್ಲಿ) ಜಪ್ತಿಯಾದದ್ದು ನಿಮ್ಮ ಜೀಪು ಅಥವಾ ನಿಮ್ಮ ಬ್ಯಾಂಕ್ ಖಾತೆ ಎಂದಾದರೆ ಡಿಕ್ರಿಯನ್ನು ರದ್ದುಪಡಿಸುವ ಗೊಡವೆಗೆ ಹೋಗಬೇಕಾಗಿಲ್ಲ. 21ನೇ ಆದೇಶದ 58ನೇ ನಿಯಮದಡಿ, ಆ ಸೊತ್ತು ಋಣಿಯದಲ್ಲ, ನನ್ನದು ಎಂಬ ತಕರಾರು ಅರ್ಜಿಯನ್ನು ಅಮಲ್ಜಾರಿ ನ್ಯಾಯಾಲಯಕ್ಕೇ ಕೊಡಬೇಕು. ಹರಾಜಿಗೆ ಮೊದಲೇ ಕೊಡಬೇಕು. ಬೇಕೆಂದೇ ತಡಮಾಡಿದ ಅರ್ಜಿಯನ್ನು ನ್ಯಾಯಾಲಯ ತೆಗೆದುಕೊಳ್ಳದಿರಬಹುದು.

ಬಂದಿರುವ ಕಾಗದ ಸಿವಿಲ್ ಸಮನ್ಸೇ ಹೌದೇ ಎಂಬುದನ್ನೂ ನೋಡಿಕೊಳ್ಳಿ. ಚೆಕ್ ಬೌನ್ಸ್ ಪ್ರಕರಣ ಕ್ರಿಮಿನಲ್ ಸ್ವರೂಪದ್ದು. ಅಲ್ಲಿ ಗೈರುಹಾಜರಾದರೆ ವಾರೆಂಟ್ ಬರಬಹುದು, ಮತ್ತು ಚೆಕ್ಕಿನ ಖಾತೆ ನಿಮ್ಮದಲ್ಲವೆಂದು ಬ್ಯಾಂಕಿನಿಂದ ಪಡೆದ ಪತ್ರವೇ ಅಲ್ಲಿನ ಮುಖ್ಯ ದಾಖಲೆ. ಸಹಕಾರ ಸಂಘದ ಸಾಲದ ವಿವಾದ ಸಾಮಾನ್ಯವಾಗಿ 1959ರ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯ ಅಧಿಕಾರಿಯ ಮುಂದೆ ನಡೆಯುತ್ತದೆ. ನೋಟಿಸಿನ ತಲೆಬರಹವನ್ನು ನೋಡದೆ ಮಡಿಕೇರಿ ಕೋರ್ಟಿನಲ್ಲಿ ಹುಡುಕಿದರೆ ಆ ಕಡತ ಸಿಗುವುದಿಲ್ಲ.

ಆದೇಶವಾದ ಮೇಲೆ

ನ್ಯಾಯಾಲಯ ನಿಮ್ಮ ಹೆಸರನ್ನು ತೆಗೆದುಹಾಕಲು ಆದೇಶಿಸಿದ ದಿನವೇ ಕೆಲಸ ಮುಗಿಯಿತೆಂದು ಹೊರಟುಬಿಡಬೇಡಿ. ವಾದಿಯು ದಾವಾಪತ್ರವನ್ನು ತಿದ್ದಿ ಸಲ್ಲಿಸಿದ್ದಾರೆಯೇ ಎಂದು ಮುಂದಿನ ವಾಯಿದೆಯಲ್ಲಿ ನೋಡಬೇಕು. ಆದೇಶದಲ್ಲಿ ಕಾಲ ನಿಗದಿಯಾಗಿಲ್ಲದಿದ್ದರೆ ತಿದ್ದುಪಡಿಗೆ ಇರುವುದು 14 ದಿನ. ಖರ್ಚು ಕೊಡಿಸಬೇಕೆಂದು ಅರ್ಜಿಯಲ್ಲೇ ಕೇಳಿರಬೇಕು. ಗೊತ್ತಿದ್ದೂ ಸುಳ್ಳು ದಾವೆ ಹೂಡಿದ್ದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಡಿ ಸಿಗುವ ಪರಿಹಾರದ ಮೇಲ್ಮಿತಿ 3,000 ರೂಪಾಯಿ. ಮಡಿಕೇರಿಗೆ ನಾಲ್ಕು ಸಲ ಬಂದುಹೋದ ಖರ್ಚೂ ಅದರಲ್ಲಿ ಹುಟ್ಟುವುದು ಕಷ್ಟ, ಆದರೂ ಕೇಳದೆ ಬಿಡಬೇಕಾಗಿಲ್ಲ.

ನಕಲು ಅರ್ಜಿ ಹಾಕಿ ಆದೇಶದ ದೃಢೀಕೃತ ಪ್ರತಿಗಳನ್ನು ಎರಡಾದರೂ ಪಡೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ಪಕ್ಷಗಾರರ ಪಟ್ಟಿಯನ್ನು ನೋಡಿ. ಹೆಸರು ಇನ್ನೂ ಉಳಿದಿದ್ದರೆ ಆದೇಶದ ಪ್ರತಿಯೊಂದಿಗೆ ಕೋರ್ಟಿನ ಶಿರಸ್ತೇದಾರರ ಗಮನಕ್ಕೆ ತನ್ನಿ. ದಾವೆಯ ಸಂಬಂಧ ನಿಮ್ಮ ಪಹಣಿಯ 11ನೇ ಕಾಲಂನಲ್ಲಿ ಏನಾದರೂ ನಮೂದಾಗಿದ್ದರೆ ಅದು ತಾನಾಗಿ ಅಳಿಯುವುದಿಲ್ಲ. ಎರಡನೆಯ ಪ್ರತಿಯನ್ನು ಲಗತ್ತಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಬೆಳೆಸಾಲದ ನವೀಕರಣಕ್ಕೆ ಹೋಗುವ ಮೊದಲು ಹೊಸ ಪಹಣಿಯನ್ನು ತೆಗೆಸಿ ಆ ಕಾಲಂ ಖಾಲಿಯಾಗಿದೆಯೇ ಎಂದು ನೋಡಿಕೊಳ್ಳಬೇಕು.